ಬುದ್ಧಿಯ ಲೆಕ್ಕದಲ್ಲಿ ಕೈಯ ಪಾಲು

ಕಳೆದ ವಾರ ಮಡಿಕೆ ಖಾತೆಯ ಹಿರಿಯ ಕಾರ್ಮಿಕರೊಬ್ಬರು ನಮ್ಮ ಕಚೇರಿಗೆ ಬಂದು ಒಂದು ಪ್ರಶ್ನೆ ಇಟ್ಟುಹೋದರು. ನೇಯ್ದು ಬಂದ ಬಟ್ಟೆಯನ್ನು ದೀಪದ ಮುಂದೆ ಹರಿಯಬಿಟ್ಟು, ಎಲ್ಲಿ ಹಾಸಿನ ಎಳೆ ತಪ್ಪಿದೆ, ಎಲ್ಲಿ ಹೊಕ್ಕು ಎರಡಾಗಿ ಬಿದ್ದಿದೆ, ಎಲ್ಲಿ ಎಣ್ಣೆಯ ಕಲೆ ಕೂತಿದೆ ಎಂದು ನೋಡಿ ಗುರುತು ಹಾಕುವುದು ಅವರ ಮೂವತ್ತು ವರ್ಷದ ಕಸುಬು. ಈಗ ಕೆಲವು ದೊಡ್ಡ ಗಿರಣಿಗಳಲ್ಲಿ ಆ ಕೆಲಸಕ್ಕೆ ಕ್ಯಾಮೆರಾ ಮತ್ತು ಕಂಪ್ಯೂಟರನ್ನು ಕೂರಿಸುತ್ತಿದ್ದಾರೆ. ಅದನ್ನು ಅವರ ಮಗ ಮೊಬೈಲಿನಲ್ಲಿ ತೋರಿಸಿದನಂತೆ. "ಸ್ವಾಮಿ, ಯಂತ್ರಕ್ಕೆ ಕಣ್ಣು ಬಂದದ್ದು ಸರಿ. ಬುದ್ಧಿಯೂ ಬಂತೇ? ಬಂದಿದ್ದರೆ ಎಲ್ಲಿಂದ ಬಂತು?" ಎಂದು ಕೇಳಿದರು. ನಮ್ಮ ಬಾಯಲ್ಲಿ ಸಿದ್ಧ ಉತ್ತರವಿರಲಿಲ್ಲ. ಚಹ ತರಿಸಿ ಕಳುಹಿಸಿದೆವು. ಈ ವಾರ ಪುರಸಭೆಯ ಕಂದಾಯದ ಬಗ್ಗೆ ಬರೆಯಬೇಕೆಂದಿದ್ದೆವು. ಅದು ಮುಂದಿನ ಸಂಚಿಕೆಗೆ ಹೋಗಲಿ. ಹಿರಿಯರ ಪ್ರಶ್ನೆಗೆ ಉತ್ತರ ಕೊಡುವುದು ಮೊದಲಿನ ಸಾಲ.

ಈ ವಿಷಯದಲ್ಲಿ ಎರಡು ಮಾತುಗಳು ಸಂತೆಯಲ್ಲಿ ಓಡಾಡುತ್ತಿವೆ. ಯಂತ್ರ ಮನುಷ್ಯನಂತೆ ಯೋಚಿಸುತ್ತದೆ, ಇನ್ನು ನಮ್ಮ ಕಾಲ ಮುಗಿಯಿತು ಎಂಬುದು ಒಂದು. ಇದೆಲ್ಲ ಕಣ್ಕಟ್ಟು, ನಾಲ್ಕು ದಿನದ ಗದ್ದಲ ಎಂಬುದು ಇನ್ನೊಂದು. ಎರಡೂ ತಪ್ಪೆಂದು ನಾವು ತಿಳಿದಿದ್ದೇವೆ. ಯಾಕೆ ತಪ್ಪು ಎಂಬುದು ತಿಳಿಯಬೇಕಾದರೆ, ಅರಿವು ಎಂದರೇನು, ಅದು ಪ್ರಾಣಿಯಲ್ಲಿ ಹೇಗೆ ನಡೆಯುತ್ತದೆ, ಯಂತ್ರದಲ್ಲಿ ಹೇಗೆ ನಡೆಸಬಹುದು ಎಂದು ಕಳೆದ ಎಂಬತ್ತು ವರ್ಷ ಬೇರೆ ಬೇರೆ ಶಾಸ್ತ್ರದವರು ಒಂದೇ ಮೇಜಿನ ಸುತ್ತ ಕೂತು ನಡೆಸಿದ ಹುಡುಕಾಟವನ್ನು ಸ್ವಲ್ಪ ನೋಡಬೇಕು.

ಅದರ ಒಂದು ಮುಖ್ಯ ಆರಂಭ 1943ರಲ್ಲಿ, ಅಮೆರಿಕದಲ್ಲಿ. ವಾರೆನ್ ಮೆಕಲಾಕ್ ಎಂಬ ನರವೈದ್ಯರೂ ವಾಲ್ಟರ್ ಪಿಟ್ಸ್ ಎಂಬ ಇಪ್ಪತ್ತು ವರ್ಷದ ತರುಣನೂ ಸೇರಿ ಒಂದು ಪ್ರಬಂಧ ಬರೆದರು. ಮಿದುಳಿನ ಒಂದೊಂದು ನರಕೋಶವನ್ನೂ 'ಹೌದು' ಇಲ್ಲವೆ 'ಅಲ್ಲ' ಎನ್ನುವ ಒಂದು ಸಣ್ಣ ಬಾಗಿಲೆಂದು ಇಟ್ಟುಕೊಂಡರೆ, ಅಂಥ ಬಾಗಿಲುಗಳ ಬಲೆಯಿಂದ ತರ್ಕವನ್ನೆಲ್ಲ ನಡೆಸಬಹುದು ಎಂಬುದು ಅದರ ಸಾರ. ಪಿಟ್ಸ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಮನೆ ಬಿಟ್ಟು ಬಂದ ಹುಡುಗ, ಪದವಿಯಿಲ್ಲ, ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸದೆಯೇ ಪಾಠಗಳಿಗೆ ಹೋಗಿ ಕೂರುತ್ತಿದ್ದ. ಮೆಕಲಾಕ್ ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಜೊತೆಗೆ ಕೆಲಸಮಾಡಿದರು. ಮೆಟ್ರಿಕ್ ದಾಟಿ ಮುಂದೆ ಓದಲಾಗದ ನಮ್ಮಂಥವರಿಗೆ ಈ ಸಂಗತಿ ಹಿತವಾಗುತ್ತದೆ; ಆ ಹಿತ ಸ್ವಂತದ್ದೆಂದು ಒಪ್ಪಿಕೊಳ್ಳುತ್ತೇವೆ.

1946ರಿಂದ 1953ರವರೆಗೆ ಇಂಥವರ ಹತ್ತು ಸಭೆಗಳು ನಡೆದವು. ಗಣಿತದವರು, ವೈದ್ಯರು, ಮನಶ್ಶಾಸ್ತ್ರದವರು, ಎಂಜಿನಿಯರುಗಳು ಮಾತ್ರವಲ್ಲ, ಮಾರ್ಗರೆಟ್ ಮೀಡ್ ಮತ್ತು ಗ್ರೆಗರಿ ಬೇಟ್ಸನ್ನರಂಥ ಮಾನವಶಾಸ್ತ್ರಜ್ಞರೂ ಅಲ್ಲಿ ಕೂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗದೆ ಜಗಳವಾಡಿದರು. ಆದರೆ ಬಾಗಿಲು ತೆರೆಯಿತು.

ಈ ಬಾಗಿಲಿನಿಂದ ಬಂದ ತಿಳಿವಳಿಕೆಯಲ್ಲಿ ಕಪ್ಪೆಯ ಪಾಲೂ ಇದೆ, ಬೆಕ್ಕಿನ ಪಾಲೂ ಇದೆ. 1959ರಲ್ಲಿ ಮೆಕಲಾಕ್, ಪಿಟ್ಸ್ ಮತ್ತು ಅವರ ಇಬ್ಬರು ಜೊತೆಗಾರರು ಕಪ್ಪೆಯ ಕಣ್ಣನ್ನು ಪರೀಕ್ಷಿಸಿದರು. ಕಣ್ಣು ಕಂಡದ್ದನ್ನೆಲ್ಲ ಹಾಗೆಯೇ ಮಿದುಳಿಗೆ ಕಳುಹಿಸುವುದಿಲ್ಲ. ಹಾರಾಡುವ ಸಣ್ಣ ಕಪ್ಪು ಚುಕ್ಕೆಯನ್ನು, ಅಂದರೆ ನೊಣವನ್ನು, ಕಣ್ಣೇ ಆರಿಸಿ ಹೇಳುತ್ತದೆ. ಸುತ್ತಲೂ ಸತ್ತ ನೊಣಗಳ ರಾಶಿ ಬಿದ್ದಿದ್ದರೂ, ಅವು ಅಲುಗದಿದ್ದರೆ ಕಪ್ಪೆ ಉಪವಾಸ ಸಾಯುತ್ತದೆ! ಅದೇ ವರ್ಷ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬಿಬ್ಬರು ಬೆಕ್ಕಿನ ಮಿದುಳಿನ ವಿಷಯ ಪ್ರಕಟಿಸಿದರು. ಅವರು ಗಾಜಿನ ಫಲಕದ ಮೇಲೆ ಚುಕ್ಕೆ ಇಟ್ಟು ಬೆಕ್ಕಿಗೆ ತೋರಿಸುತ್ತಿದ್ದರು; ನರಕೋಶ ಸುಮ್ಮನಿತ್ತು. ಒಂದು ಸಲ ಫಲಕವನ್ನು ಯಂತ್ರದೊಳಗೆ ಸರಿಸುವಾಗ ಅದರ ಅಂಚಿನ ನೆರಳು ಗೆರೆಯಾಗಿ ಪರದೆಯ ಮೇಲೆ ಹಾಯಿತು. ಕೂಡಲೇ ಆ ನರಕೋಶ ಗುಡುಗತೊಡಗಿತು. ಅದಕ್ಕೆ ಬೇಕಾಗಿದ್ದುದು ಚುಕ್ಕೆಯಲ್ಲ, ಒಂದು ದಿಕ್ಕಿಗೆ ವಾಲಿದ ಗೆರೆ. ಕೈತಪ್ಪಿನಿಂದ ಕಂಡ ಈ ಸತ್ಯದ ಬೆನ್ನು ಹತ್ತಿದ ಕೆಲಸಕ್ಕೆ 1981ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಇದಕ್ಕೂ ಬಟ್ಟೆ ನೋಡುವ ಯಂತ್ರಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ನೇರವಾದುದು. ಮಿದುಳು ಮೊದಲು ಗೆರೆಗಳನ್ನು, ಗೆರೆಗಳಿಂದ ಮೂಲೆಗಳನ್ನು, ಅವುಗಳಿಂದ ಆಕಾರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತದೆ ಎಂಬ ಈ ವಿಚಾರವನ್ನೇ ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಗಣಕಯಂತ್ರಕ್ಕೆ ಇಳಿಸಿದರು. ಇಂದು ಬಟ್ಟೆಯ ಮೇಲೆ ಕಣ್ಣಿಟ್ಟಿರುವ ಎಷ್ಟೋ ಯಂತ್ರಗಳು ಆ ವಂಶದವು. ಎಂದರೆ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇದು: ಯಂತ್ರದ ಕಣ್ಣಿನ ರಚನೆ ಬೆಕ್ಕಿನ ಮಿದುಳಿನಿಂದ ಬಂತು.

ಇನ್ನರ್ಧ ಉತ್ತರವನ್ನು ವಿದ್ವಾಂಸರು ಅಷ್ಟು ಜೋರಾಗಿ ಹೇಳುವುದಿಲ್ಲ.

1958ರ ಜುಲೈಯಲ್ಲಿ ಅಮೆರಿಕದ ನೌಕಾಪಡೆ ಪತ್ರಿಕೆಯವರನ್ನು ಕರೆದು ಫ್ರಾಂಕ್ ರೋಸೆನ್‌ಬ್ಲಾಟ್ ಎಂಬ ಮನಶ್ಶಾಸ್ತ್ರಜ್ಞನ ಹೊಸ ಉಪಾಯವನ್ನು ತೋರಿಸಿತು. ಎಡಕ್ಕೆ ಗುರುತಿರುವ ಚೀಟಿ ಯಾವುದು, ಬಲಕ್ಕೆ ಗುರುತಿರುವುದು ಯಾವುದು ಎಂದು ಯಂತ್ರ ಐವತ್ತು ಸಲ ಪ್ರಯತ್ನಿಸಿ ಕಲಿತುಕೊಂಡಿತು. ಅಷ್ಟಕ್ಕೇ ಇದು ಮುಂದೆ ನಡೆಯುತ್ತದೆ, ಮಾತನಾಡುತ್ತದೆ, ಬರೆಯುತ್ತದೆ, ತನ್ನಂಥದ್ದನ್ನು ತಾನೇ ಹೆರುತ್ತದೆ ಎಂದು ಸಾರಿಬಿಟ್ಟರು! ಎರಡು ವರ್ಷ ಮೊದಲು, 1956ರ ಬೇಸಗೆಯಲ್ಲಿ, ಡಾರ್ಟ್‌ಮತ್ ಕಾಲೇಜಿನಲ್ಲಿ 'ಕೃತಕ ಬುದ್ಧಿ' ಎಂಬ ಹೆಸರನ್ನೇ ಇಟ್ಟುಕೊಂಡು ಸೇರಿದವರೂ, ಹತ್ತು ಜನ ಎರಡು ತಿಂಗಳು ಕೂತರೆ ಗಣನೀಯ ಪ್ರಗತಿಯಾಗುತ್ತದೆಂದು ಬರೆದುಕೊಟ್ಟಿದ್ದರು. ಹಣ ಕೊಡುವವರ ಮುಂದೆ ಮಾತು ಹಿಗ್ಗುವುದು ಚುನಾವಣೆಯಲ್ಲಿ ಮಾತ್ರವಲ್ಲ. 1969ರಲ್ಲಿ ಮಾರ್ವಿನ್ ಮಿನ್ಸ್ಕಿ ಮತ್ತು ಸೇಮರ್ ಪೇಪರ್ಟ್ ಈ ಯಂತ್ರಕ್ಕೆ ಏನೇನು ಸಾಧ್ಯವಿಲ್ಲವೆಂದು ಪುಸ್ತಕ ಬರೆದು ತೋರಿಸಿದರು; ಕೆಲಸ ಬಹಳ ಕಾಲ ನಿಂತಂತಾಯಿತು.

ಮತ್ತೆ ಅದು ಎದ್ದದ್ದು ಹೇಗೆ? ಲೆಕ್ಕದ ಹೊಸ ವಿಧಾನ ಬಂತು. 1986ರ ಆ ಪ್ರಸಿದ್ಧ ಪ್ರಬಂಧದ ಮೂವರಲ್ಲಿ ಡೇವಿಡ್ ರುಮೆಲ್‌ಹಾರ್ಟ್ ಮನಶ್ಶಾಸ್ತ್ರದವರು, ಜೆಫ್ರಿ ಹಿಂಟನ್ ಮೊದಲ ಪದವಿಯನ್ನು ಮನಶ್ಶಾಸ್ತ್ರದಲ್ಲಿ ಪಡೆದವರು. ವೇಗದ ಗಣಕಗಳು ಬಂದವು. 2024ರಲ್ಲಿ ಹಿಂಟನ್ನರಿಗೂ ಜಾನ್ ಹಾಪ್‌ಫೀಲ್ಡರಿಗೂ ಭೌತಶಾಸ್ತ್ರದ ನೊಬೆಲ್ ಕೊಟ್ಟರು. ಇದೆಲ್ಲ ನಿಜ. ಆದರೆ ಮೂರನೆಯ ಒಂದು ಸಾಮಗ್ರಿ ಇಲ್ಲದಿದ್ದರೆ ಇವೆರಡೂ ಖಾಲಿ ಮಗ್ಗದಂತೆ ನಿಂತಿರುತ್ತಿದ್ದವು. ಮಗ್ಗಕ್ಕೆ ನೂಲು ಬೇಕು. ಆ ನೂಲನ್ನು ತೆಗೆದವರು ಯಾರು?

ಫೈ-ಫೈ ಲೀ ಎಂಬ ವಿಜ್ಞಾನಿ ಅಮೆರಿಕದಲ್ಲಿ 'ಇಮೇಜ್‌ನೆಟ್' ಎಂಬ ಚಿತ್ರಭಂಡಾರವನ್ನು ಕಟ್ಟಿ 2009ರಲ್ಲಿ ಲೋಕದ ಮುಂದಿಟ್ಟರು. (ಆಕೆಯ ತಂದೆತಾಯಿ ಚೀನದಿಂದ ವಲಸೆ ಬಂದು ಬಟ್ಟೆ ಒಗೆಯುವ ಅಂಗಡಿ ಇಟ್ಟವರು, ಓದುತ್ತಲೇ ಆಕೆ ಆ ಅಂಗಡಿಯ ವ್ಯವಹಾರ ನೋಡುತ್ತಿದ್ದರು. ನಮ್ಮ ಪೇಟೆಯ ಓದುಗರು ಇದನ್ನು ಗಮನಿಸಲಿ.) ಆ ಭಂಡಾರ ಬೆಳೆದು 1 ಕೋಟಿ 40 ಲಕ್ಷ ಚಿತ್ರಗಳನ್ನು ದಾಟಿತು. ಪ್ರತಿ ಚಿತ್ರವನ್ನೂ ಒಬ್ಬ ಮನುಷ್ಯ ನೋಡಿ 'ಇದು ನಾಯಿ, ಇದು ಕೊಡಲಿ, ಇದು ಬುಟ್ಟಿ' ಎಂದು ಹೇಳಬೇಕಾಗಿತ್ತು. ಹಾಗೆ ಹೇಳಿದವರು 167 ದೇಶಗಳ ಸುಮಾರು 49,000 ಜನ. ಮನೆಯಲ್ಲಿ ಕೂತು, ಚಿತ್ರಕ್ಕಿಷ್ಟು ಎಂದು ಚಿಲ್ಲರೆ ಕಾಸಿಗೆ ಕೆಲಸಮಾಡಿದವರು. 2012ರಲ್ಲಿ ಹಿಂಟನ್ ಮತ್ತು ಅವರ ಇಬ್ಬರು ಶಿಷ್ಯರ ಯಂತ್ರ ಈ ಭಂಡಾರದಿಂದಲೇ ಕಲಿತು ಸ್ಪರ್ಧೆಗೆ ನಿಂತಿತು. ಪ್ರತಿ ಚಿತ್ರಕ್ಕೂ ಐದು ಊಹೆಗಳಿಗೆ ಅವಕಾಶ. ಎರಡನೆಯ ಸ್ಥಾನದವರು 100ಕ್ಕೆ 26 ತಪ್ಪಿದರೆ ಇವರು ತಪ್ಪಿದ್ದು 15 ಮಾತ್ರ. ಜಗತ್ತು ಬೆರಗಾಯಿತು. ಮೂವರ ಹೆಸರು ಎಲ್ಲೆಡೆ ಬಂತು. 49,000 ಜನರಲ್ಲಿ ಒಬ್ಬರ ಹೆಸರೂ ಬರಲಿಲ್ಲ.

ಅವರು ಕೆಲಸಮಾಡಿದ ಆ ಸಂತೆಗೆ ಅಮೆಜಾನ್ ಕಂಪನಿ 2005ರಲ್ಲಿ ಇಟ್ಟ ಹೆಸರೇ ಕಥೆಯನ್ನು ಹೇಳುತ್ತದೆ: 'ಮೆಕ್ಯಾನಿಕಲ್ ಟರ್ಕ್', ಯಂತ್ರದ ತುರ್ಕ. 1770ರಲ್ಲಿ ವಿಯೆನ್ನಾದ ಅರಮನೆಯಲ್ಲಿ ಕೆಂಪೆಲೆನ್ ಎಂಬಾತ ಚದುರಂಗವಾಡುವ ಒಂದು ಗೊಂಬೆಯನ್ನು ತೋರಿಸಿದ್ದ. ತುರ್ಕರ ವೇಷ, ಮುಂದೆ ಪೆಟ್ಟಿಗೆ, ಒಳಗೆ ಹಲ್ಲುಗಾಲಿಗಳು. ದೊಡ್ಡ ದೊಡ್ಡವರು ಅದರ ಕೈಯಲ್ಲಿ ಸೋತರು. ನಿಜಕ್ಕೂ ಪೆಟ್ಟಿಗೆಯೊಳಗೆ ಒಬ್ಬ ಜೀವಂತ ಆಟಗಾರ ಮೈ ಮಡಿಸಿ ಕೂತಿರುತ್ತಿದ್ದ. ಕಂಪನಿಯವರು ಮುಚ್ಚುಮರೆಯಿಲ್ಲದೆ ಆ ಹೆಸರನ್ನೇ ಇಟ್ಟರು, ಅದನ್ನು ವಿನೋದವೆಂದುಕೊಂಡರು.

ಹಾಗೆಂದು ಇಂದಿನ ಯಂತ್ರದಲ್ಲಿ ಮನುಷ್ಯ ಅಡಗಿ ಕೂತಿದ್ದಾನೆ ಎಂದು ಹೇಳಿದರೆ ತಪ್ಪಾದೀತು. ಕಲಿತಾದ ಮೇಲೆ ಯಂತ್ರ ತಾನೇ ನೋಡುತ್ತದೆ, ಯಾರೂ ತೋರಿಸದ ಹೊಸ ಬಟ್ಟೆಯಲ್ಲೂ ದೋಷ ಹಿಡಿಯುತ್ತದೆ. ಇದು ಕಣ್ಕಟ್ಟಲ್ಲ. ಆದರೆ ದೋಷ ಎಂದರೇನು, ಯಾವುದು ಕಣ್ಣುಮುಚ್ಚಿ ಬಿಡಬಹುದಾದ ಗಂಟು, ಯಾವುದು ಥಾನನ್ನೇ ಕೆಡಿಸುವ ಗಂಟು ಎಂಬ ವಿವೇಕವನ್ನು ಅದು ಬೆಕ್ಕಿನಿಂದ ಕಲಿತಿಲ್ಲ, ಗಣಿತದಿಂದಲೂ ಕಲಿತಿಲ್ಲ. ಅನುಭವಸ್ಥರು ಗುರುತು ಹಾಕಿಕೊಟ್ಟ ಸಾವಿರಾರು ಚಿತ್ರಗಳಿಂದ ಕಲಿತಿದೆ. ಮಡಿಕೆ ಖಾತೆಯ ಹಿರಿಯರ ಪ್ರಶ್ನೆಗೆ ಇದೇ ನಮ್ಮ ಉತ್ತರ. ಬುದ್ಧಿ ಎಲ್ಲಿಂದ ಬಂತೆಂದರೆ, ಸ್ವಾಮಿ, ನಿಮ್ಮಂಥವರಿಂದ ಬಂತು.

ಇದು ಹೊಸದೇನಲ್ಲ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1790ರ ದಶಕದಲ್ಲಿ, ದ ಪ್ರೋನಿ ಎಂಬ ಎಂಜಿನಿಯರಿಗೆ ಬೃಹತ್ ಗಣಿತ ಕೋಷ್ಟಕಗಳನ್ನು ಮಾಡಿಸುವ ಕೆಲಸ ಬಂತು. ಆತ ಅದನ್ನು ಸೂಜಿ ಕಾರ್ಖಾನೆಯಂತೆ ಭಾಗಮಾಡಿದ. ಮೇಲೆ ನಾಲ್ಕಾರು ಗಣಿತಜ್ಞರು, ನಡುವೆ ಏಳೆಂಟು ಲೆಕ್ಕಿಗರು, ಕೆಳಗೆ ಅರವತ್ತರಿಂದ ಎಂಬತ್ತು ಜನ. ಕೆಳಗಿನವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಕೂಡುವುದು ಕಳೆಯುವುದಷ್ಟೇ ಗೊತ್ತಿತ್ತು. ಹೆಚ್ಚು ಕಲಿತವರಿಗಿಂತ ಇವರ ಲೆಕ್ಕವೇ ಸರಿಯಿರುತ್ತಿತ್ತಂತೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಇದನ್ನು 1832ರ ತಮ್ಮ ಪುಸ್ತಕದಲ್ಲಿ ಬರೆದು, ಕೂಡಿ ಕಳೆಯುವವರ ಕೆಲಸವನ್ನು ಚಕ್ರಗಳಿಗೇ ಕೊಡಬಹುದೆಂದು ಕಂಡರು. ಅದೇ ಪುಸ್ತಕದಲ್ಲಿ ಇನ್ನೊಂದು ಸತ್ಯವನ್ನೂ ಮರೆಮಾಚದೆ ಹೇಳಿದರು: ಕೆಲಸವನ್ನು ಚೂರು ಚೂರು ಮಾಡಿದರೆ ಒಡೆಯನು ಪ್ರತಿ ಚೂರಿಗೂ ಎಷ್ಟು ಕುಶಲತೆ ಬೇಕೋ ಅಷ್ಟನ್ನೇ ಕೊಳ್ಳಬಹುದು, ಒಟ್ಟು ಕೂಲಿ ಇಳಿಯುತ್ತದೆ. ಬ್ಯಾಬೇಜರ ಮನೆಯಲ್ಲಿ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದಿತ್ತು. ಅದನ್ನು ನೇಯಲು ಸುಮಾರು 24,000 ತೂತಿನ ಹಲಗೆಗಳು ಬೇಕಾಗಿದ್ದವು. ಜಕಾರ್ಡ್ ಮಗ್ಗದ ಆ ಹಲಗೆಗಳನ್ನೇ ಅವರು ತಮ್ಮ ಲೆಕ್ಕದ ಯಂತ್ರಕ್ಕೂ ಆರಿಸಿಕೊಂಡರು. ಗಣಕಯಂತ್ರದ ವಂಶಾವಳಿಯಲ್ಲಿ ನೇಕಾರನ ಹೆಸರಿದೆ ಎಂಬುದನ್ನು ನಮ್ಮ ನೇಯ್ಗೆ ಖಾತೆಯ ಗೆಳೆಯರು ಮರೆಯಬೇಕಾಗಿಲ್ಲ.

ಇನ್ನು ಯಂತ್ರ ಮನುಷ್ಯನಂತೆಯೇ ಕಲಿಯುತ್ತದೆಯೇ ಎಂಬ ಮಾತು. ನಾವು ಹಿಂದೆ ಮೇಷ್ಟರ ಕೆಲಸ ಮಾಡಿದವರು, ಈ ವಿಷಯದಲ್ಲಿ ಸ್ವಲ್ಪ ಬಲ್ಲೆವು. ಒಂದನೆಯ ತರಗತಿಯ ಹುಡುಗಿಯೊಬ್ಬಳಿಗೆ 'ಠ' ಅಕ್ಷರವನ್ನು ಮೂರು ನಾಲ್ಕು ಸಲ ಸ್ಲೇಟಿನ ಮೇಲೆ ಬರೆದು ತೋರಿಸಿದ್ದೆವು. ಮಾರನೆಯ ದಿನ ಅವಳು ನಮ್ಮ ಸೈಕಲ್ಲಿನ ಚಕ್ರ ಮತ್ತು ನಡುವಿನ ಗುಂಬವನ್ನು ತೋರಿಸಿ "ಮೇಷ್ಟ್ರೇ, ಠ!" ಎಂದು ಕೂಗಿದಳು. ನಾವು ಆಗ ನಕ್ಕು ಸುಮ್ಮನಾದೆವು. ಈಗ ಯೋಚಿಸಿದರೆ ಅದೆಷ್ಟು ದೊಡ್ಡ ಕೆಲಸವೆಂದು ತಿಳಿಯುತ್ತದೆ. ಯಂತ್ರಕ್ಕೆ ಒಂದು ವಸ್ತುವನ್ನು ಗುರುತಿಸಲು ಸಾಮಾನ್ಯವಾಗಿ ನೂರಾರು, ಸಾವಿರಾರು ಉದಾಹರಣೆಗಳನ್ನು ತೋರಿಸಬೇಕಾಗುತ್ತದೆ. ಅದು ಎಡವುವ ರೀತಿಯೂ ನಮ್ಮಂತಲ್ಲ. ಪಾಂಡಾ ಎಂಬ ಪ್ರಾಣಿಯ ಚಿತ್ರದ ಮೇಲೆ ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ ಮಾಡಿದಾಗ, ಯಂತ್ರ ಅದನ್ನು ಬಹಳ ಖಚಿತವಾಗಿ ಗಿಬ್ಬನ್ ಕಪಿ ಎಂದಿತು. ಯಾವ ಮಗುವೂ ಹೀಗೆ ತಪ್ಪುವುದಿಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದಕ್ಕೆ ಬೇಕಾದ ಶಕ್ತಿ ಸುಮಾರು 20 ವಾಟ್, ಒಂದು ಮಂಕು ಬಲ್ಬಿನಷ್ಟು. ಇಂದಿನ ದೊಡ್ಡ ಯಂತ್ರಗಳಿಗೆ ಕಟ್ಟಡಗಟ್ಟಲೆ ಗಣಕಗಳೂ ವಿದ್ಯುತ್ತೂ ಬೇಕು.

ಮನುಷ್ಯನ ಮಾತಿರಲಿ. ಜೇನು ಜಾತಿಯ ದುಂಬಿಯ ಮಿದುಳಿನಲ್ಲಿರುವುದು ಹತ್ತು ಲಕ್ಷದ ಆಸುಪಾಸಿನ ನರಕೋಶ. ಅಂಥ ದುಂಬಿಗಳು ದಾರ ಎಳೆದು ಸಕ್ಕರೆಯ ನೀರು ಪಡೆಯುವುದನ್ನು ಕಲಿತವು, ಒಂದರಿಂದ ಇನ್ನೊಂದು ನೋಡಿ ಕಲಿತವು ಎಂದು ಲಂಡನ್ನಿನ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ನಮ್ಮ ಬಂಡೀಪುರದ ಕೋತಿಗಳ ಕಥೆ ಇನ್ನೂ ಸೊಗಸು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಅವರ ಜೊತೆಗಾರರು 2018ರಲ್ಲಿ ಪ್ರಕಟಿಸಿದಂತೆ, ಅಲ್ಲಿನ ಕೋತಿಗಳು ತಿಂಡಿ ಹಿಡಿದವನ ಕಡೆಗೆ ಕೈ ಚಾಚಿ, ಒಂದು ಬಗೆಯ ಕೂಗು ಹಾಕಿ, ಅವನು ತಮ್ಮ ಕಡೆ ನೋಡುತ್ತಿದ್ದಾನೆಯೇ ಎಂದು ಗಮನಿಸಿ ಬೇಡುತ್ತವೆ. ಎದುರಿಗಿರುವವನ ಗಮನ ಎಲ್ಲಿದೆ ಎಂದು ತಿಳಿಯುವುದು ಸಣ್ಣ ಅರಿವಲ್ಲ. ಹಸಿವು, ಭಯ, ಜೊತೆಯವರ ಸಂಗ, ಇವುಗಳ ನಡುವೆ ಬೆಳೆದ ಬುದ್ಧಿ ಅದು. ಯಂತ್ರಕ್ಕೆ ಹಸಿವಿಲ್ಲ. ಇದು ಅದರ ದೊಡ್ಡಸ್ತಿಕೆಯೋ ಕೊರತೆಯೋ ಎಂಬುದೇ ಇಂದು ವಿದ್ವಾಂಸರ ನಡುವೆ ನಡೆದಿರುವ ದೊಡ್ಡ ವಾದಗಳಲ್ಲಿ ಒಂದು.

ಆದ್ದರಿಂದ ಈ ಹುಡುಕಾಟ ಬೇಡವೆಂದು ನಾವು ಹೇಳುವುದಿಲ್ಲ, ಬೇಕೇ ಬೇಕು. ಮಂದಬುದ್ಧಿಯೆಂದು ಹಿಂದಿನ ಬೆಂಚಿಗೆ ತಳ್ಳಿದ ಮಗು ನಿಜಕ್ಕೂ ಹೇಗೆ ಕಲಿಯುತ್ತದೆ, ಪಾರ್ಶ್ವವಾಯು ಹೊಡೆದು ಮಾತು ಹೋದವನಿಗೆ ಮಾತು ಮರಳುವುದು ಹೇಗೆ, ಎಲ್ಲಕ್ಕೂ ಇದರಿಂದ ಬೆಳಕು ಸಿಗಬೇಕು. ನಮ್ಮ ತಕರಾರು ಮೇಜಿನ ಸುತ್ತ ಇಟ್ಟ ಕುರ್ಚಿಗಳ ಬಗ್ಗೆ. 1978ರಲ್ಲಿ ಅಮೆರಿಕದ ಸ್ಲೋನ್ ಪ್ರತಿಷ್ಠಾನಕ್ಕಾಗಿ ಸಿದ್ಧವಾದ ವರದಿಯಲ್ಲಿ ಈ ಹೊಸ ಶಾಸ್ತ್ರಕ್ಕೆ ಆರು ಮೂಲೆಗಳನ್ನು ಎಣಿಸಿದರು: ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಭಾಷಾಶಾಸ್ತ್ರ, ಗಣಕಶಾಸ್ತ್ರ, ಮಾನವಶಾಸ್ತ್ರ, ನರಶಾಸ್ತ್ರ. ಆರಕ್ಕೂ ಕುರ್ಚಿ ಸಿಕ್ಕಿತು. ಬೆರಳ ತುದಿಯಲ್ಲಿ ಎಳೆಯ ಬಿಗಿ ಅರಿಯುವವನು, ಮಗ್ಗದ ಸದ್ದಿನಲ್ಲೇ ಕೆಡುಕು ಹಿಡಿಯುವ ಜಾಬರ್, ಯಾರಿಗೆ ಉದ್ರಿ ಕೊಡಬಹುದು ಯಾರಿಗೆ ಕೊಡಬಾರದು ಎಂದು ಹತ್ತು ವರ್ಷದ ವಹಿವಾಟಿನಿಂದ ಬಲ್ಲ ಕಿರಾಣಿ ಅಂಗಡಿಯವನು, ಇವರ ಅರಿವು ಅರಿವಲ್ಲವೇ? ಇವರನ್ನು ಕರೆದದ್ದು ಗುರುತು ಹಾಕಿಕೊಡುವುದಕ್ಕೆ ಮಾತ್ರ.

ಆ ಮೊದಲ ಸಭೆಗಳಲ್ಲಿ ಕೂತವರಲ್ಲಿ ಇದನ್ನು ಕಂಡವರು ಒಬ್ಬರಿದ್ದರು. ನಾರ್ಬರ್ಟ್ ವೀನರ್, ಗಣಿತದ ಪ್ರಾಧ್ಯಾಪಕರು. 1955-56ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೂ ಬಂದು ಕೆಲಸಮಾಡಿಹೋದವರು. ಸ್ವಯಂಚಾಲಿತ ಯಂತ್ರ ಕಟ್ಟಿಕೊಡಲು ಕಂಪನಿಯೊಂದು ಕೇಳಿದಾಗ ಅವರು ಒಲ್ಲೆನೆಂದರು. 1949ರ ಆಗಸ್ಟಿನಲ್ಲಿ ಅಮೆರಿಕದ ಮೋಟಾರು ಕಾರ್ಮಿಕರ ಸಂಘದ ಅಧ್ಯಕ್ಷ ವಾಲ್ಟರ್ ರಾಯ್ತರರಿಗೆ ತಾವಾಗಿಯೇ ಕಾಗದ ಬರೆದರು. ಇಂಥ ಯಂತ್ರ ಗುಲಾಮನಿಗೆ ಸಮಾನ, ಗುಲಾಮನೊಡನೆ ಪೈಪೋಟಿಗೆ ನಿಂತ ಕೂಲಿಗಾರನೂ ಗುಲಾಮನ ಷರತ್ತುಗಳನ್ನೇ ಒಪ್ಪಬೇಕಾದೀತು ಎಂದು ಎಚ್ಚರಿಸಿದರು. ಈ ಯಂತ್ರಗಳ ಲಾಭದಲ್ಲಿ ಕಾರ್ಮಿಕರ ಹಿತಕ್ಕಾಗಿ ಪಾಲು ಪಡೆಯಿರಿ, ಇಲ್ಲವೆ ಈ ವಿಚಾರವನ್ನೇ ಅದುಮುವುದು ಸರಿಯೆಂದು ನಿಮಗೆ ತೋರಿದರೆ ಹಾಗೆಂದು ಹೇಳಿ, ಯಾವುದಾದರೂ ನಾನು ನಿಮ್ಮ ಬೆನ್ನಿಗಿರುತ್ತೇನೆ ಎಂದರು. ರಾಯ್ತರ್ ತಂತಿಯ ಮೂಲಕ ಉತ್ತರ ಕೊಟ್ಟು, ಮಾತನಾಡಲು ಆಸಕ್ತಿಯಿದೆ, ಫೋರ್ಡ್ ಕಂಪನಿಯೊಡನೆ ನಡೆದಿರುವ ಸಂಧಾನ ಮುಗಿದ ಮೇಲೆ ಭೇಟಿಯಾಗೋಣ ಎಂದರು. ಸಂಧಾನ, ಮುಷ್ಕರ, ಮತ್ತೆ ಸಂಧಾನ. ಸಂಘದ ಕೆಲಸ ಬಲ್ಲವರಿಗೆ ಆ ತಂತಿಯ ಅರ್ಥ ಚೆನ್ನಾಗಿ ಆಗುತ್ತದೆ. ನಾವು ಅವರನ್ನು ದೂರುವುದಿಲ್ಲ. ನಾಳೆಯ ಮಾತು ಇಂದಿನ ಕೂಲಿಯ ಮಾತಿನ ಹಿಂದೆ ನಿಲ್ಲುವುದು ನಮ್ಮಲ್ಲೂ ಉಂಟು.

ಪಾಲು ಕೊಡುವುದು ಆಗದ ಹೋಗದ ಮಾತೆಂದು ಹೇಳುವವರಿಗೆ ನಮ್ಮ ರಾಜ್ಯದಲ್ಲೇ ಒಂದು ಉತ್ತರವಿದೆ. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡದ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ, ಯಂತ್ರಗಳಿಗೆ ಕನ್ನಡ ಕಲಿಸುವ ಸಾಮಗ್ರಿ ಮಾಡಿತು. 2023ರಲ್ಲಿ ಬಂದ ವರದಿಗಳಂತೆ ಗಂಟೆಗೆ ಸುಮಾರು 5 ಡಾಲರ್ ಕೂಲಿ. ಅಷ್ಟೇ ಅಲ್ಲ, ಆ ಧ್ವನಿಯನ್ನು ಮುಂದೆ ಮತ್ತೊಬ್ಬರಿಗೆ ಮಾರಿದರೆ ಓದಿದವರಿಗೆ ಮತ್ತೆ ಪಾಲು. ಅದೇ ವರ್ಷ ಕೀನ್ಯಾ ದೇಶದಿಂದ ಬಂದ ವರದಿಯಲ್ಲಿ, ಮಾತನಾಡುವ ಯಂತ್ರಕ್ಕಾಗಿ ಹೊಲಸು ಬರಹಗಳನ್ನು ಓದಿ ಗುರುತು ಹಾಕುತ್ತಿದ್ದವರ ಕೈಗೆ ಸಿಗುತ್ತಿದ್ದುದು ಗಂಟೆಗೆ 2 ಡಾಲರಿಗಿಂತ ಕಡಿಮೆ ಎಂದಿತ್ತು. ಎರಡೂ ಒಂದೇ ಕಾಲದ, ಒಂದೇ ಬಗೆಯ ಕೆಲಸ.

ಮಡಿಕೆ ಖಾತೆಗೆ ಕ್ಯಾಮೆರಾ ಇಲ್ಲಿಗೂ ಬರುವ ದಿನ ದೂರವಿಲ್ಲ. ಮೊದಲು ಕೆಲವು ತಿಂಗಳು ಅದು ನಮ್ಮವರ ಪಕ್ಕದಲ್ಲೇ ನಿಂತು ಕಲಿಯುತ್ತದೆ. ಇದು ದೋಷ, ಇದು ಅಲ್ಲ ಎಂದು ಗುಂಡಿ ಒತ್ತಿ ಹೇಳುವಂತೆ ಅವರಿಗೇ ಹೇಳುತ್ತಾರೆ. ಅದನ್ನು ದಿನದ ಪಾಳಿಯ ಕೆಲಸದಲ್ಲಿ ಸೇರಿಸಿಬಿಡುತ್ತಾರೆ. ಬರುವ ಕೂಲಿ ಒಪ್ಪಂದದ ಕರಡಿನಲ್ಲಿ ಇದಕ್ಕೊಂದು ಕಲಮು ಇರಬೇಕೆಂದು ನಾವು ಸಂಘದ ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇವೆ: ಯಂತ್ರಕ್ಕೆ ಕಲಿಸುವ ಗಂಟೆಗಳಿಗೆ ಬೇರೆ ದರ, ಕಲಿಸಿದವರ ಹೆಸರುಳ್ಳ ದಾಖಲೆ, ಆ ಗುರುತುಗಳನ್ನು ಇನ್ನೊಂದು ಗಿರಣಿಗೆ ಮಾರಿದರೆ ಅದರಲ್ಲಿ ಪಾಲು, ಮತ್ತು ಕಲಿಸಿದವರನ್ನು ಕೆಲಸದಿಂದ ತೆಗೆಯುವುದಿಲ್ಲವೆಂಬ ಬರಹ. ಹಿರಿಯರು ಆ ಕಾಗದವನ್ನು ಎರಡು ಸಲ ಓದಿಸಿ ಕೇಳಿ, ನಾಲ್ಕನೆಯದನ್ನು ಮೊದಲನೆಯದು ಮಾಡಿ ಎಂದರು. ಹಾಗೆಯೇ ತಿದ್ದಿದ್ದೇವೆ.